ಮೂರ್ಛೆ ಬಾರದ ಒಂದು ವರ್ಷ

ತಮ್ಮನ ಮಿದುಳಿನ ಆಪರೇಷನ್ ಆಗಿ ನಿನ್ನೆಗೆ ಒಂದು ವರ್ಷ ತುಂಬಿತು. ಅವತ್ತಿನಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲ. ಅವ್ವ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ನಾನು ಕೆಲವರನ್ನು ಇಲ್ಲಿ ನೆನೆಯಬೇಕು.

ಮೊದಲು ನಮ್ಮ ಪಕ್ಕದ ಮನೆ ಕಾಕಾ. ಆಪರೇಷನ್‌ಗೂ ಮೊದಲು ಒಂದು ದಿನ ನನ್ನ ತಮ್ಮ ಕಟ್ಟೆ ಮೇಲೆ ಕೂತಿದ್ದಾಗ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಡ್ರಿ, ಉಳ್ಳಾಗಡ್ಡಿ ಮೂಸಿಸ್ರಿ ಅಂತ ಎಲ್ಲರೂ ಓಡಾಡುತ್ತಿದ್ದರು. ಕಾಕಾ ಒಂದು ಕೈಯಲ್ಲಿ ಅವನನ್ನು ಬೀಳದಂತೆ ಹಿಡಿದು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ವಿಡಿಯೊ ಮಾಡಿದರು. ನಾನು ಅವರ ಮೇಲೆ ರೇಗಿದೆ. ತಪ್ಪಾಯ್ತು, ಕಾಕಾ.

ಅದಕ್ಕೂ ಮೊದಲು ಒಂದು ಎಂಆರ್‌ಐ ಆಗಿತ್ತು. ರಿಪೋರ್ಟ್ 'ನಾರ್ಮಲ್'. ಎರಡು ಬೇರೆ ಬೇರೆ ಗುಳಿಗೆ ತಪ್ಪದೆ ತಗೊಂಡರೂ ಫಿಟ್ಸ್ ನಿಂತಿರಲಿಲ್ಲ. ಎಲ್ಲ ಸರಿ ಇದ್ದರೆ ಇದು ಯಾಕೆ ಬರುತ್ತೆ ಅಂತ ಅವ್ವ ಅಳುತ್ತಿದ್ದಳು.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಡಾಕ್ಟರಮ್ಮ ಹಳೇ ರಿಪೋರ್ಟ್ ಪಕ್ಕಕ್ಕಿಟ್ಟು ಕಾಕಾನ ವಿಡಿಯೊವನ್ನೇ ನಾಲ್ಕು ಸಲ ನೋಡಿದರು. ಬಲಗೈ ಸೆಟೆದುಕೊಂಡಿದೆ. ಎಡಗೈ ಅಂಗಿಯ ಗುಂಡಿಯನ್ನು ಸವರುತ್ತಲೇ ಇದೆ. ಬಾಯಿ ಚಪ್ಪರಿಸುತ್ತಿದೆ. "ಬಲಗೈಯನ್ನು ಆಡಿಸೋದು ಮಿದುಳಿನ ಎಡಗಡೆ, ಅಲ್ಲೇ ಹುಡುಕಬೇಕು" ಅಂದರು. ಮೂರ್ಛೆರೋಗಕ್ಕೆಂದೇ ಬೇರೆ ಬಗೆಯ ಎಂಆರ್‌ಐ ಇದೆ ಅಂತ ನಮಗೆ ಗೊತ್ತಾಗಿದ್ದೇ ಆಗ. ಕಿವಿಯ ಒಳಬದಿಗೆ, ಮಿದುಳಿನಲ್ಲಿ, ಎರಡೂ ಕಡೆ ಹಿಪ್ಪೊಕ್ಯಾಂಪಸ್ ಅನ್ನೋ ಪುಟ್ಟ ಭಾಗ ಇರುತ್ತೆ. ಅದಕ್ಕೆ ಅಡ್ಡಲಾಗಿ ತೆಳು ತೆಳು ಹೋಳುಗಳಂತೆ ಚಿತ್ರ ತೆಗೆದರು. ಬಲಗಡೆಯದು ತುಂಬಿಕೊಂಡಿತ್ತು. ಎಡಗಡೆಯದು ಸೊರಗಿ, ಬೆಳ್ಳಗೆ ಕಾಣುತ್ತಿತ್ತು. ತೋರಿಸಿದ ಮೇಲೆ ನನ್ನ ಕಣ್ಣಿಗೂ ಕಂಡಿತು. ವಿಡಿಯೊ ಮಾಡುತ್ತಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸೋ ವಿಡಿಯೊ ಇಇಜಿಯೂ ಅದೇ ಜಾಗ ಹೇಳಿತು.

ಮಾತಿನ ಜಾಗ ಸಾಮಾನ್ಯವಾಗಿ ಎಡಗಡೆಯೇ ಇರೋದರಿಂದ, ಅಲ್ಲಿ ಆಪರೇಷನ್ ಮಾಡಿದರೆ ಮಾತಿಗೆ ಏನಾದರೂ ಆದೀತು ಅನ್ನೋ ಭಯ. ಅದಕ್ಕೇ ಫಂಕ್ಷನಲ್ ಎಂಆರ್‌ಐ. ಅಲುಗಾಡದೆ ಮಲಗಿ, ತರಕಾರಿ ಹೆಸರುಗಳನ್ನು ಮನಸ್ಸಿನಲ್ಲೇ ನೆನೆಯಬೇಕು. ಆಗ ಮಾತಿನ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತೆ, ಮೆಷಿನ್ ಅದನ್ನು ಹಿಡಿಯುತ್ತೆ. ಆ ಸದ್ದಿಗೇ ತಮ್ಮ ನಡುಗುತ್ತಿದ್ದ. ಟೆಕ್ನಿಷಿಯನ್ ಅಣ್ಣ ಅವನ ಕೈ ಹಿಡಿದು, "ಕಲಬುರಗಿಯವನಲ್ವಾ? ಪುಂಡಿಪಲ್ಯದಿಂದ ಶುರು ಮಾಡು" ಅಂದರು. ಅಣ್ಣಾ, ನಿಮ್ಮ ಹೆಸರು ಕೇಳಿಕೊಳ್ಳಲಿಲ್ಲ. ಆ ಕೊರಗು ಇನ್ನೂ ಇದೆ.

ಗುಳಿಗೆ ಮುಂದುವರಿದಿದೆ, ಡಾಕ್ಟರ್ ಹೇಳೋವರೆಗೂ ನಿಲ್ಲಿಸೋದಿಲ್ಲ. ಯಾರ ಮನೆಯಲ್ಲಾದರೂ ಔಷಧಿಗೆ ಬಗ್ಗದ ಮೂರ್ಛೆ ಇದ್ದರೆ ನನ್ನನ್ನು ಕೇಳಿ. ಫೈಲ್ ಸಮೇತ ಬಂದು ಹೇಳುತ್ತೇನೆ.

ಕಾಕಾ, ಸಂಜೆ ತಮ್ಮನೇ ಹೋಳಿಗೆ ತಗೊಂಡು ಬರ್ತಾನೆ. ಮನೆಯಲ್ಲೇ ಇರ್ರಿ.