ತ್ವರಿತ ಪರೀಕ್ಷೆಯ ಗೆರೆಯೇ ಕೊನೆಯ ತೀರ್ಪಲ್ಲ

ಮಾನ್ಯ ಸಂಪಾದಕರೇ,

ಮದ್ದೂರು ಕಡೆಯ ನಮ್ಮ ಬಂಧುವೊಬ್ಬಳಿಗೆ ಮೊದಲ ಬಸಿರಿನಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಸೋಂಕು ಪತ್ತೆಯಾಗಿ, ಪತಿ ಪತ್ನಿ ಇಬ್ಬರೂ ಪೆನಿಸಿಲಿನ್ ಚುಚ್ಚುಮದ್ದು ಪಡೆದು ಗುಣಮುಖರಾಗಿದ್ದರು. ಎರಡನೆಯ ಬಸಿರಿನಲ್ಲಿ ತ್ವರಿತ ಪರೀಕ್ಷೆಯ ಪಟ್ಟಿಯ ಮೇಲೆ ಮತ್ತೆ ಗೆರೆ ಮೂಡಿದಾಗ, ವಿವರಿಸಿ ಹೇಳುವವರಿಲ್ಲದೆ ಆ ಮನೆಯಲ್ಲಿ ಎದ್ದ ಅನುಮಾನ ಇನ್ನೂ ಪೂರ್ತಿ ಆರಿಲ್ಲ.

ಈ ಪಟ್ಟಿಗಳಲ್ಲಿ ಬಹುಪಾಲು ಗುರುತಿಸುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಚಿಕಿತ್ಸೆಯ ನಂತರವೂ ಬಹುತೇಕರಲ್ಲಿ ಜೀವನಪರ್ಯಂತ ಉಳಿಯುತ್ತವೆ. ಆದ್ದರಿಂದ ಸೋಂಕು ಈಗಿನದೋ ಹಳೆಯದೋ ಎಂಬುದನ್ನು ಪಟ್ಟಿಯೊಂದೇ ಹೇಳಲಾರದು. ಅದಕ್ಕೆ ಸೋಂಕಿನ ಸಕ್ರಿಯತೆಯನ್ನು ಅಂದಾಜಿಸುವ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬ ರಕ್ತ ಪರೀಕ್ಷೆಯ ಪ್ರಮಾಣವನ್ನು (ರಕ್ತರಸವನ್ನು ಎಷ್ಟು ಪಟ್ಟು ತೆಳುವಾಗಿಸಿದರೂ ಪ್ರತಿಕ್ರಿಯೆ ಕಾಣುತ್ತದೆಂಬ ಅಳತೆಯನ್ನು) ಹಿಂದಿನ ವರದಿಯೊಂದಿಗೆ ಹೋಲಿಸಬೇಕು; 1:32 ಇದ್ದದ್ದು 1:8ಕ್ಕೆ, ಅಂದರೆ ನಾಲ್ಕು ಪಟ್ಟು, ಇಳಿದಿದ್ದರೆ ಚಿಕಿತ್ಸೆ ಫಲಿಸಿದೆ ಎಂದರ್ಥ. ಇನ್ನೊಂದು ಕಡೆ, ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪ್ರತಿಕಾಯಗಳು ಸಾಲದೆ ಗೆರೆ ಮೂಡದಿರಬಹುದು.

ಹಾಗೆಂದು ಈ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಟ್ಟಿಗೆ ನೋಡುವ ಪಟ್ಟಿಯನ್ನು ಗರ್ಭಿಣಿಯರ ಮೊದಲ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿದೆ. ಬೆರಳ ತುದಿಯ ರಕ್ತದಿಂದ ಸುಮಾರು 20 ನಿಮಿಷಗಳಲ್ಲಿ ಫಲಿತಾಂಶ ಸಿಗುವುದರಿಂದ, ಮತ್ತೆ ಬರಲಾಗದ ಹಳ್ಳಿಯ ಹೆಣ್ಣುಮಕ್ಕಳಿಗೆ ಅದೇ ದಿನ ಚಿಕಿತ್ಸೆ ಆರಂಭಿಸಿ, ಹೊಟ್ಟೆಯಲ್ಲಿರುವ ಮಗುವನ್ನೂ ಕಾಪಾಡಬಹುದು.

ಮಂಡ್ಯ ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ಕೋರಿಕೆಯಿಷ್ಟೆ: ತಾಯಿ ಕಾರ್ಡಿನಲ್ಲಿ ಹಿಂದಿನ ಚಿಕಿತ್ಸೆಯ ದಿನಾಂಕ ಮತ್ತು ಆರ್‌ಪಿಆರ್ ಪ್ರಮಾಣವನ್ನು ಬರೆಸಿರಿ, ಫಲಿತಾಂಶದ ಅರ್ಥವನ್ನು ದಂಪತಿಗೆ ಗುಟ್ಟಾಗಿ, ಬಿಡಿಸಿ ಹೇಳುವಂತೆ ಸಿಬ್ಬಂದಿಗೆ ತರಬೇತಿ ಕೊಡಿಸಿರಿ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಮಂಡ್ಯ