ಕೊಬ್ಬರಿ ಬೇಡ, ಕುಕ್ಕರ್ ಇರಲಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿದರೆ "ಆಯ್ತಮ್ಮ, ಆಯ್ತಮ್ಮ" ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೆಂಗಳೂರಿನ ರೂಮಿನಲ್ಲಿ ಒಬ್ಬಳೇ ಬ್ಯಾಗ್ ತುಂಬಲು ಶುರು ಮಾಡುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದು.

ಜರ್ಮನಿಯ ಮ್ಯೂನಿಕ್‌ನಲ್ಲಿ ನೀನು ಓದಲು ಎರಡು ವರ್ಷ ಇರುತ್ತೀಯ ನಿಜ. ಆದರೆ ಸಾಮಾನು ಕಟ್ಟಬೇಕಾದ್ದು ಎರಡು ವರ್ಷಕ್ಕಲ್ಲ, ಮೊದಲ ಮೂರು ದಿನಕ್ಕೆ. ಕ್ಯಾಲೆಂಡರ್ ತೆಗೆದು ನೋಡು. ನೀನು ಇಳಿಯುವುದು ಅಕ್ಟೋಬರ್ 2, ಶುಕ್ರವಾರ ಸಂಜೆ. ಇಮಿಗ್ರೇಶನ್ ದಾಟಿ, ಬ್ಯಾಗ್ ತಗೊಂಡು, ಮುಕ್ಕಾಲು ಗಂಟೆ ರೈಲಿನಲ್ಲಿ ಕೂತು ಊರು ಸೇರುವಷ್ಟರಲ್ಲಿ ರಾತ್ರಿ ಒಂಬತ್ತಾದರೂ ಆಗುತ್ತೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅಂಗಡಿಗಳು ರಾತ್ರಿ ಎಂಟಕ್ಕೇ ಮುಚ್ಚುತ್ತವೆ. ಮರುದಿನ ಅಕ್ಟೋಬರ್ 3, ಜರ್ಮನಿ ಒಂದಾದ ದಿನ ಅಂತ ದೇಶಕ್ಕೆಲ್ಲ ರಜೆ. ಅದರ ಮರುದಿನ ಭಾನುವಾರ, ಆ ದೇಶದಲ್ಲಿ ಭಾನುವಾರ ಅಂಗಡಿ ತೆಗೆಯುವುದೇ ಇಲ್ಲ. ಅಂದರೆ ಸೋಮವಾರ ಬೆಳಿಗ್ಗೆಯವರೆಗೆ ನಿನ್ನ ಹಾಸ್ಟೆಲಿನ ಪಕ್ಕದ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಹಾಲೂ ಸಿಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ, ದೊಡ್ಡ ರೈಲು ನಿಲ್ದಾಣದಲ್ಲಿ ಕೆಲವು ಅಂಗಡಿ ತೆರೆದಿರುತ್ತವೆ. ಆದರೆ ಅದು ಅಕ್ಟೋಬರ್‌ಫೆಸ್ಟ್ ಅನ್ನುವ ದೊಡ್ಡ ಬಿಯರ್ ಜಾತ್ರೆ ಮುಗಿಯುವ ವಾರಾಂತ್ಯ. ಊರಿನ ತುಂಬ ಜನ ಇರುವಾಗ, ಅಷ್ಟು ದೂರದಿಂದ ಬಂದು ದಣಿದವಳು ಬ್ರೆಡ್ಡಿಗಾಗಿ ಅಲೆಯುವುದು ನನಗೆ ಇಷ್ಟವಿಲ್ಲ.

ಹಾಗಾಗಿ ಆ ಮೂರು ದಿನದ ಊಟ ಇಲ್ಲಿಂದಲೇ ಹೋಗಲಿ. ತೆಳು ಅವಲಕ್ಕಿ, ಎಣ್ಣೆಯಲ್ಲಿ ಒಗ್ಗರಣೆ ಹಾಕಿ ಹುರಿದ ರವೆ, ಎರಡು ದಿನ ಕೆಡದ ಚಪಾತಿ, ಹುಣಸೆ ಗೊಜ್ಜು. ನೀರಿನ ಚಿಂತೆ ಬೇಡ, ಮ್ಯೂನಿಕ್‌ನಲ್ಲಿ ನಲ್ಲಿ ನೀರೇ ಕುಡಿಯಬಹುದು. ಹಾಸ್ಟೆಲಿನಲ್ಲಿ ಮಂಚ, ಹಾಸಿಗೆ ಇದ್ದರೂ ಹೊದಿಕೆ ಕೊಡುತ್ತಾರೆ ಅಂತ ನಂಬಬೇಡ. ಒಂದು ದುಪ್ಪಟಿ, ಒಂದು ತೆಳು ರಗ್ಗು, ಒಂದು ದಿಂಬಿನ ಕವರ್ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ. ಶುಕ್ರವಾರ ರಾತ್ರಿ ನೀನು ಮೊದಲು ಹುಡುಕುವುದು ಅದನ್ನೇ.

ಇನ್ನು ಅಜ್ಜಿಯ ಪಟ್ಟಿ. ತಿಪಟೂರಿನ ಮನೆಯಿಂದ ಮಗು ಪರದೇಶಕ್ಕೆ ಹೋಗುವಾಗ ಕೊಬ್ಬರಿ ಕೊಡದೆ ಕಳಿಸುವುದು ಹೇಗೆ ಅಂತ ಅವರಿಗೆ ಸಂಕಟ. ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಒಣಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಅನ್ನುವ ಕಾಯಿಗಳನ್ನು ಅವರೇ ಕಿವಿಗೆ ಹಿಡಿದು ಆರಿಸಿ, ಸುಲಿಸಿ, ಒಡೆಸಿ ಇಟ್ಟಿದ್ದಾರೆ. ಆದರೆ ಕೊಬ್ಬರಿ ವಿಮಾನಕ್ಕೆ ಆಗುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿಸಿದ್ದಾರೆ. ಆ ಪಟ್ಟಿಯಲ್ಲಿ ಅದಕ್ಕೆ 1363 ಅಂತ ಒಂದು ಸಂಖ್ಯೆಯೇ ಇದೆ. ಬ್ಯಾಗ್ ತೆಗೆಸಿ ಹೊರಗಿಡಿಸುತ್ತಾರೆ. ಅಜ್ಜಿಗೆ ಇದನ್ನು ಕೂರಿಸಿಕೊಂಡು ಹೇಳಿದ್ದೇನೆ. ನಿನಗೆ ಚಟ್ನಿಪುಡಿಯನ್ನು ಶೇಂಗಾ, ಹುರಿಗಡಲೆಯಲ್ಲೇ ಮಾಡುತ್ತಿದ್ದೇವೆ, ರುಚಿಗೆ ಏನೂ ಕಮ್ಮಿ ಇರುವುದಿಲ್ಲ.

ತುಪ್ಪವೂ ಬೇಡ. ಹಾಲು, ಮಾಂಸದಿಂದ ಮಾಡಿದ್ದನ್ನು ಹೊರಗಿನ ದೇಶಗಳಿಂದ ಯುರೋಪಿಗೆ ತರಲು ಬಿಡುವುದಿಲ್ಲ. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತೆ, ಕಾಯಿಸುವುದು ನಿನಗೆ ಗೊತ್ತಿದೆ. ಹಿತ್ತಲಿನ ಕರಿಬೇವು ಕಟ್ಟಿಕೊಡೋಣ ಅಂತ ನಿಮ್ಮಪ್ಪ ಹೇಳಿದರು, ಹಸಿ ಸೊಪ್ಪು, ತರಕಾರಿ, ಬೀಜ ಇವಕ್ಕೆಲ್ಲ ಸಸ್ಯರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ಹಣ್ಣಿನಲ್ಲಿ ಅನಾನಸ್, ತೆಂಗಿನಕಾಯಿ, ಹಲಸಿನಂಥ ದುರಿಯನ್, ಬಾಳೆ, ಖರ್ಜೂರ ಇಷ್ಟಕ್ಕೆ ಮಾತ್ರ ವಿನಾಯಿತಿ. ಗಸಗಸೆಯ ವಿಚಾರದಲ್ಲಂತೂ ನನ್ನ ಮಾತು ಮೀರಬೇಡ. ನೀನು ದುಬೈನಲ್ಲಿ ವಿಮಾನ ಬದಲಿಸುತ್ತೀಯ, ಆ ದೇಶದಲ್ಲಿ ಗಸಗಸೆ ಮಾದಕವಸ್ತುವಿನ ಲೆಕ್ಕ, ಜೈಲೂ ಆಗಬಹುದು. ಬ್ಯಾಗ್ ನೇರವಾಗಿ ಮುಂದಕ್ಕೆ ಹೋಗುತ್ತಲ್ಲ ಅನ್ನಬೇಡ. ವಿಮಾನ ತಪ್ಪಿದರೆ, ರದ್ದಾದರೆ ಬ್ಯಾಗ್ ನಿನ್ನ ಕೈಗೇ ಬರುತ್ತೆ.

ಅಕ್ಕಿ, ಬೇಳೆ ಹೊರುವುದು ವ್ಯರ್ಥ. ಮುಖ್ಯ ರೈಲು ನಿಲ್ದಾಣದ ಸುತ್ತ ಏಷ್ಯಾದ ದಿನಸಿ ಅಂಗಡಿಗಳಿವೆ. ನಮ್ಮ ಸಾರಿನ ಪುಡಿ, ಹುಳಿಪುಡಿ ಮಾತ್ರ ಅಲ್ಲಿ ಸಿಗುವುದಿಲ್ಲ, ಅವು ಅರ್ಧರ್ಧ ಕೆ.ಜಿ. ಬರುತ್ತವೆ. ರಾಗಿಹಿಟ್ಟನ್ನು ಮನೆಯ ಡಬ್ಬಿಯಿಂದ ತುಂಬಬೇಡ, ಹೆಸರು ಬರೆದ ಅಂಗಡಿಯ ಪ್ಯಾಕೆಟ್ಟೇ ಇರಲಿ. ಗುರುತಿಲ್ಲದ ಪುಡಿಯ ಚೀಲ ಕಂಡರೆ ಕಸ್ಟಮ್ಸ್‌ನವರು ನಿಲ್ಲಿಸಿ ಕೇಳುತ್ತಾರೆ. ಪುಡಿ, ಉಪ್ಪಿನಕಾಯಿ ಯಾವುದೂ ಕೈಚೀಲಕ್ಕೆ ಬೇಡ.

ಕುಕ್ಕರ್ ಮಾತ್ರ ತಗೊಂಡು ಹೋಗಲೇಬೇಕು. ಅಲ್ಲಿನ ಒಲೆ ಗಾಜಿನ ಹಲಗೆಯಂತೆ ಸಪಾಟು, ಕೆಲವು ಕಡೆ ಇಂಡಕ್ಷನ್. ಮನೆಯಲ್ಲಿರುವ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ನಿಗೆ ಬಿಸಿಯಾಗುವುದೇ ಇಲ್ಲ. ಅದಕ್ಕೇ ಮೂರು ಲೀಟರಿನ ಸ್ಟೀಲ್ ಕುಕ್ಕರ್ ತಂದಿದ್ದೇನೆ. ಅಡಿಯಲ್ಲಿ ಆಯಸ್ಕಾಂತ ಅಂಟಿಸಿ ನೋಡೇ ತಂದದ್ದು. ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜಾಸ್ತಿ ಇಟ್ಟಿದ್ದೇನೆ, ಈ ಅಳತೆಯದು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕುಕ್ಕರ್ ದೊಡ್ಡ ಬ್ಯಾಗಿಗೆ ಹೋಗಲಿ, ಹೊಟ್ಟೆ ಖಾಲಿ ಬಿಡಬೇಡ. ಪುಡಿಯ ಪ್ಯಾಕೆಟ್, ಸಾಕ್ಸ್ ಎಲ್ಲ ಅದರೊಳಗೇ ಹಿಡಿಸುತ್ತವೆ. ಕರೆಂಟು ಅಲ್ಲಿಯೂ 230 ವೋಲ್ಟೇ, ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ ಕೂರುವುದಿಲ್ಲ. ಎರಡು ಅಡಾಪ್ಟರ್ ಸಾಕು.

ಕೈಚೀಲಕ್ಕೆ 7 ಕೆ.ಜಿ. ಮಾತ್ರ ಬಿಡುತ್ತಾರೆ, ಬ್ಯಾಗ್ ಕಳೆದುಹೋದರೂ ನೀನು ನಿಲ್ಲದೆ ನಡೆಯಲು ಬೇಕಾದ್ದೆಲ್ಲ ಅದರಲ್ಲೇ ಇರಬೇಕು. ಪಾಸ್‌ಪೋರ್ಟ್, ಯೂನಿವರ್ಸಿಟಿಯ ಪತ್ರ, ಮೂಲ ಅಂಕಪಟ್ಟಿಗಳು, ಅವು ಅಸಲಿ ಅಂತ ಪರಿಶೀಲಿಸಿ ಕೊಟ್ಟ ಎಪಿಎಸ್ ಸರ್ಟಿಫಿಕೇಟ್, ಅಲ್ಲಿನ ಖರ್ಚಿಗೆ ಮುಂಚೆಯೇ ದುಡ್ಡು ಇಟ್ಟಿರುವ ಬ್ಲಾಕ್ಡ್ ಅಕೌಂಟ್ ಮತ್ತು ವಿಮೆಯ ಕಾಗದ, ಹಾಸ್ಟೆಲ್ ಒಪ್ಪಂದ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅಲ್ಲಿ ಕಾಗದ ಕೇಳದೆ ಏನೂ ನಡೆಯುವುದಿಲ್ಲ. ಥೈರಾಯ್ಡ್ ಮಾತ್ರೆಯನ್ನು ಡಾಕ್ಟರ ಚೀಟಿಯ ಜೊತೆ ಮೂರು ತಿಂಗಳಿಗೆ ಸಾಕಾಗುವಷ್ಟು ತಗೋ, ಅದಕ್ಕಿಂತ ಹೆಚ್ಚು ಬೇಡ. ಸಾದಾ ಜ್ವರದ ಮಾತ್ರೆಯೂ ಅಲ್ಲಿ ಔಷಧದಂಗಡಿಯಲ್ಲಿ ಮಾತ್ರ ಸಿಗುತ್ತೆ, ಹಾಗಾಗಿ ಒಂದೆರಡು ಹಾಳೆ ಇರಲಿ. ಎರಡನೇ ಜೊತೆ ಕನ್ನಡಕ ಮಾಡಿಸಿಕೊಂಡೇ ಹೋಗು. ಕನ್ನಡಕ ಒಡೆದರೆ ನಿನಗೆ ಬೋರ್ಡೂ ಕಾಣುವುದಿಲ್ಲ ಅನ್ನುವುದು ನನಗೆ ಗೊತ್ತು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು; ನಿನ್ನ 20,000 ಎಂಎಎಚ್‌ನದು 74 ವ್ಯಾಟ್-ಅವರ್ ಆಗುತ್ತೆ, ಮಿತಿ 100. ಒಂದು ಜೊತೆ ಬಟ್ಟೆಯೂ ಇರಲಿ. ಬ್ಯಾಗ್ ಬರಲಿಲ್ಲ ಅಂದರೆ ಬೆಲ್ಟಿನ ಹತ್ತಿರವೇ ದೂರು ಬರೆಸಿ, ಅದರ ನಂಬರ್ ತಗೊಂಡೇ ಹೊರಗೆ ಬಾ.

ಚಳಿಗೆ ದಪ್ಪ ಕೋಟು ಇಲ್ಲಿ ಕೊಳ್ಳಬೇಡ. ಬೆಂಗಳೂರಿನ ಜಾಕೆಟ್ ಮ್ಯೂನಿಕ್‌ನ ಜನವರಿಗೆ ಸಾಲದು, ಅಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತೆ. ಒಳಗೆ ಹಾಕುವ ಥರ್ಮಲ್, ಒಂದೆರಡು ಸ್ವೆಟರ್ ಸಾಕು. ಒಂದು ಹತ್ತಿ ಸೀರೆ ಇಡು, ನವೆಂಬರಿನಲ್ಲಿ ಅಲ್ಲಿಯ ಕನ್ನಡಿಗರು ರಾಜ್ಯೋತ್ಸವ ಮಾಡುತ್ತಾರೆ.

ಇನ್ನೊಂದು. ನೀನು ಹೊರಡುವ ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ನಮ್ಮ ಹುಡುಗನೂ ಅಲ್ಲೇ ಇದ್ದಾನೆ, ಒಂದು ಚಿಕ್ಕ ಪೊಟ್ಟಣ ಅಷ್ಟೇ ಅಂತ ಕೇಳುವವರು ಶುರುವಾಗಿದ್ದಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೂ ನಿನ್ನ ಕೈಯಾರೆ ಕಟ್ಟದ್ದು ನಿನ್ನ ಬ್ಯಾಗಿಗೆ ಹೋಗಬಾರದು. ಅದರಲ್ಲಿ ಏನು ಸಿಕ್ಕರೂ ಉತ್ತರ ಕೊಡಬೇಕಾದವಳು ನೀನು. ನಿನಗೆ ಇಲ್ಲ ಅನ್ನಲು ಸಂಕೋಚವಾದರೆ ನನ್ನ ಹೆಸರು ಹೇಳು, ಅಮ್ಮ ಬೇಡ ಅಂದಿದ್ದಾಳೆ ಅನ್ನು. ಆ ನಿಷ್ಠುರ ನನಗೇ ಇರಲಿ.

30 ಕೆ.ಜಿ.ಯನ್ನು ಒಂದೇ ಬ್ಯಾಗಿಗೆ ತುಂಬಬೇಡ, ಎರಡು ಮಾಡು. ನಿನ್ನ ರೂಮು ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇದೆಯೋ ಇಲ್ಲವೋ. ಭಾನುವಾರ ನೀನು ಊರಿಗೆ ಬಂದಾಗ ಅಪ್ಪನ ಮಂಡಿಯ ತೂಕದ ಯಂತ್ರದ ಮೇಲೆ ಎರಡನ್ನೂ ಇಟ್ಟು ನೋಡೋಣ. ಜಾಸ್ತಿ ಬಂದರೆ ಮೊದಲು ರಾಗಿಹಿಟ್ಟು ತೆಗಿ, ಆಮೇಲೆ ಎರಡನೇ ಜೊತೆ ಶೂ. ಕುಕ್ಕರ್ ತೆಗೆಯಲು ಮಾತ್ರ ನಾನು ಬಿಡುವುದಿಲ್ಲ.

ನಿನ್ನ ಅಮ್ಮ