ಬಚ್ಚಲುಮನೆಯ ಹತ್ತು ನಿಮಿಷ

ಪ್ರೀತಿಯ ಗೆಳತಿ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಮೊದಲ ಸಲ ಕುಕ್ಕರ್ ಸದ್ದಿನಲ್ಲಿ ಅರ್ಧಂಬರ್ಧ ಕೇಳಿಸಿತು. ಎರಡನೇ ಸಲ ಸರಿಯಾಗಿ. ಮೂರನೇ ಸಲ ಕೇಳಿದ್ದು ನಿನ್ನ ಗಂಟಲು ಎಲ್ಲಿ ಕಟ್ಟಿತು ಅಂತ ತಿಳಿಯೋದಕ್ಕೆ. ಪಾಪು ಒಂದೇ ಸಮನೆ ಅಳುತ್ತಿದ್ದಾಗ ತೊಟ್ಟಿಲಲ್ಲಿ ಬಿಟ್ಟು, ಬಚ್ಚಲುಮನೆ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ಹತ್ತು ನಿಮಿಷ ಕೂತೆ ಅಂದೆಯಲ್ಲ, ಅಲ್ಲಿ.

"ನಾನೆಂಥ ತಾಯಿ ಹೇಳು" ಅಂತ ಕೇಳಿದ್ದೀಯ. ಫೋನ್ ಮಾಡಿದರೆ ನನ್ನ ಮಾತು ಮುಗಿಯೋಕೆ ಬಿಡಲ್ಲ ನೀನು. ಅದಕ್ಕೇ ಬರೆಯುತ್ತಿದ್ದೇನೆ.

ತಾಯಂದಿರ ದಿನ ಚರ್ಚಿನ ಆರಾಧನೆಯಲ್ಲಿ ಕೈಗೊಂದು ಗುಲಾಬಿ ಕೊಟ್ಟು ಬೈಬಲಿನ ಜ್ಞಾನೋಕ್ತಿ 31ನೇ ಅಧ್ಯಾಯ ಓದಿದರು, ಅದನ್ನು ಕೇಳಿ ಇನ್ನೂ ಕುಗ್ಗಿಹೋದೆ ಅಂದೆ. ಗೊತ್ತು ಕಣೇ. ಗುಣವತಿಯಾದ ಸತಿ! ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ, ದ್ರಾಕ್ಷಿತೋಟ ಹಾಕುತ್ತಾಳೆ, ರಾತ್ರಿಯೂ ಅವಳ ದೀಪ ಆರುವುದಿಲ್ಲ. ಕೇಳುತ್ತಿದ್ದರೇ ಸುಸ್ತಾಗುತ್ತದೆ. ಆದರೆ 15ನೇ ವಚನ ನೋಡು, ಅವಳಿಗೆ ಕೆಲಸದವರಿದ್ದರು. ಇನ್ನೊಂದು ವಿಷಯ. ಆ ಅಧ್ಯಾಯ ಶುರುವಾಗುವುದೇ ಲೆಮೂವೇಲ ಅನ್ನುವ ಅರಸನಿಗೆ ಅವನ ತಾಯಿ ಕಲಿಸಿದ ಮಾತು ಅಂತ. ಕುಡಿಯಬೇಡ, ಬಾಯಿಲ್ಲದವರ ಪರವಾಗಿ ಬಾಯಿ ತೆರೆ, ಬಡವರಿಗೆ ನ್ಯಾಯ ಕೊಡು ಅಂತ ಮಗನಿಗೆ ಬುದ್ಧಿ ಹೇಳುತ್ತಾಳೆ ಆ ತಾಯಿ. ಅಷ್ಟನ್ನು ಬಿಟ್ಟು, ನಮಗೆ ಮಾತ್ರ 10ನೇ ವಚನದಿಂದ ಓದುತ್ತಾರೆ.

ನಿನ್ನ ಮೆಸೇಜ್ ಕೇಳಿದಾಗ ನನಗೆ ನೆನಪಾದದ್ದು ಹಾಗರ್, ಅಬ್ರಹಾಮನ ಹೆಂಡತಿ ಸಾರಳ ದಾಸಿ, ಅವನಿಗೆ ಇಷ್ಮಾಯೇಲನನ್ನು ಹೆತ್ತವಳು. ಆದಿಕಾಂಡ 21. ಅಬ್ರಹಾಮ ಬೆಳಗ್ಗೆ ಎದ್ದು, ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ಅವಳನ್ನೂ ಮಗನನ್ನೂ ಮನೆಯಿಂದ ಕಳಿಸಿಬಿಡುತ್ತಾನೆ. ಬೇರ್ಷೆಬದ ಕಾಡಿನಲ್ಲಿ ಅಲೆಯುತ್ತಾ ನೀರು ಮುಗಿಯುತ್ತದೆ. ಅವಳು ಮಗನನ್ನು ಒಂದು ಪೊದೆಯ ಕೆಳಗೆ ಹಾಕಿ, ಬಾಣ ಎಸೆದರೆ ಬೀಳುವಷ್ಟು ದೂರ ಹೋಗಿ ಕೂರುತ್ತಾಳೆ. ಮಗು ಸಾಯುವುದನ್ನು ನೋಡಲಾರೆ ಅಂತ ಜೋರಾಗಿ ಅಳುತ್ತಾಳೆ. (ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಸಾರಳ ಮಗ ಇಸಾಕ ಹುಟ್ಟಿದಾಗ 100. ಇದು ನಡೆದದ್ದು ಇಸಾಕನ ಹಾಲು ಬಿಡಿಸಿದ ಮೇಲೆ. ಅಂದರೆ ಇಷ್ಮಾಯೇಲನಿಗೆ ಆಗಲೇ 14 ದಾಟಿತ್ತು. ಅಮ್ಮನಿಗೆ ಮಾತ್ರ ಮಗುವೇ.)

ಆ ಬಾಣದ ದೂರವನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಓಡಿಹೋಗಲಿಲ್ಲ. ಎದ್ದು ಓಡಿದರೆ ಮಗನ ಹತ್ತಿರ ತಲುಪುವಷ್ಟೇ ದೂರ. ಆದರೂ ಪಕ್ಕದಲ್ಲಿ ಕೂರೋಕೆ ಆಗಲಿಲ್ಲ. ನಿನ್ನ ಬಚ್ಚಲುಮನೆ ಬಾಗಿಲು ಅದೇ ಅಲ್ವಾ? ದೇವದೂತ ಅವಳನ್ನು ಬೈಯಲಿಲ್ಲ. ಹಾಗರಳೇ, ಏನಾಯಿತು ನಿನಗೆ ಅಂತ ಕೇಳಿದ, ಅಷ್ಟೆ. ಹೆದರಬೇಡ, ಎದ್ದು ಹುಡುಗನನ್ನು ಕೈಹಿಡಿದು ಎತ್ತು ಅಂದ. ಆಮೇಲೆ ಅವಳ ಕಣ್ಣಿಗೆ ಬಾವಿ ಕಂಡಿತು. ನೀನೂ ಹತ್ತು ನಿಮಿಷದ ಮೇಲೆ ಎದ್ದು ಹೋಗಿ ಪಾಪುವನ್ನು ಎತ್ತಿಕೊಂಡೆ. ಅದನ್ನು ಮೆಸೇಜಿನ ಕೊನೆಯಲ್ಲಿ, ಲೆಕ್ಕಕ್ಕೇ ಇಲ್ಲ ಅನ್ನೋ ಹಾಗೆ ಹೇಳಿದ್ದೀಯ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿ ನಿದ್ದೆ ಇಲ್ಲದೆ ಅಳು ಬರುವುದು ಹೀಗೇ ಮುಂದುವರಿದರೆ ಡಾಕ್ಟರ್ ಹತ್ತಿರ ಹೋಗು. ಪ್ರಾರ್ಥನೆ ಮಾಡಿದರೆ ಸಾಕು ಅಂತ ಯಾರಾದರೂ ಅಂದರೆ, ಹಾಗರಳಿಗೆ ದೇವರು ತೋರಿಸಿದ್ದು ನೀರನ್ನೇ ಅಂತ ಹೇಳು.

ಕೆಲಸಕ್ಕೆ ಹೋಗುವಾಗ ಪಾಪುವನ್ನು ಅಮ್ಮನ ಹತ್ತಿರ ಬಿಡುವುದಕ್ಕೂ ಕೊರಗುತ್ತಿದ್ದೀಯಲ್ಲ, ಮೋಶೆಯನ್ನು ನೋಡು. ಇಬ್ರಿಯರ ಗಂಡುಕೂಸುಗಳನ್ನೆಲ್ಲ ಕೊಲ್ಲಿ ಅಂತ ಐಗುಪ್ತದ ಅರಸ ಫರೋಹ ಅಪ್ಪಣೆ ಮಾಡಿದ್ದಾಗ, ಹೆತ್ತವಳು ಮೂರು ತಿಂಗಳು ಬಚ್ಚಿಟ್ಟಳು. ಪೆಟ್ಟಿಗೆಗೆ ರಾಳ ಬಳಿದು, ನೀರು ಒಳಗೆ ಬಾರದ ಹಾಗೆ ಮಾಡಿ, ನದಿಯ ಅಂಚಿನ ಜಂಬುಹುಲ್ಲಿನಲ್ಲಿ ಇಟ್ಟಳು. ಅಕ್ಕ ದೂರದಲ್ಲಿ ಕಾವಲು ನಿಂತಳು. ಫರೋಹನ ಮಗಳು ಎತ್ತಿಕೊಂಡಳು. ಒಂದು ಕೂಸು ಉಳಿಯೋದಕ್ಕೆ ಮೂವರು ಬೇಕಾಯಿತು. ಆಮೇಲಿನದು ಇನ್ನೂ ಚೆಂದ. ಈ ಮಗುವಿಗೆ ಹಾಲೂಡಿಸು, ಸಂಬಳ ಕೊಡುತ್ತೇನೆ ಅಂತ ಹೆತ್ತ ತಾಯಿಗೇ ಹೇಳುತ್ತಾಳೆ ರಾಜಕುಮಾರಿ! ನಿಮ್ಮಮ್ಮನಿಗೂ ಈ ಕಥೆ ಓದಿ ಹೇಳು, ಸಂಬಳ ಕೇಳಿಯಾರು.

ಇನ್ನು ಮರಿಯಳು. ನೀನು ಹತ್ತು ನಿಮಿಷಕ್ಕೆ ಅಳುತ್ತೀಯ, ಆಕೆ ಮಗನನ್ನು ಬಿಟ್ಟು ಒಂದು ದಿನದ ದಾರಿ ನಡೆದಿದ್ದಳು! ಯೇಸುವಿಗೆ ಆಗ 12 ವರ್ಷ. ಪಸ್ಕ ಹಬ್ಬ ಮುಗಿಸಿ ಯೆರೂಸಲೇಮಿನಿಂದ ವಾಪಸ್ಸು ಹೊರಟಿದ್ದರು. ಜೊತೆಯವರ ಗುಂಪಿನಲ್ಲಿ ಇದ್ದಾನೆ ಅಂದುಕೊಂಡರು. ಇದನ್ನು ಓದುವಾಗಲೆಲ್ಲ ನಮ್ಮನೆಯವರ ತಂಗಿಯ ಮದುವೆ ನೆನಪಾಗುತ್ತದೆ. ಎರಡು ಬಸ್ಸು. ಮಗ ಇವರ ಬಸ್ಸಿನಲ್ಲಿದ್ದಾನೆ ಅಂತ ನಾನು, ನನ್ನ ಬಸ್ಸಿನಲ್ಲಿದ್ದಾನೆ ಅಂತ ಇವರು. ಟೀ ಕುಡಿಯೋಕೆ ನಿಲ್ಲಿಸಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಆಟೋ ಹಿಡಿದು ವಾಪಸ್ ಓಡಿದರೆ, ಆರು ವರ್ಷದ ನಮ್ಮ ಸಾಹೇಬರು ಛತ್ರದ ಹಿಂದೆ ಅಡುಗೆಯವರ ಪಕ್ಕ, ಬೋರಲು ಹಾಕಿದ ಪಾತ್ರೆ ಮೇಲೆ ಕೂತಿದ್ದರು. ಕೈಯಲ್ಲಿ ಹಪ್ಪಳ. "ಇಷ್ಟು ಬೇಗ ಯಾಕೆ ಬಂದ್ರಿ?" ಅಂದ. ಬೆನ್ನಿಗೊಂದು ಕೊಟ್ಟು, ಅಪ್ಪಿಕೊಂಡು ಅತ್ತೆ.

ಮರಿಯಳಿಗೆ ಮಗ ಸಿಕ್ಕಿದ್ದು ಮೂರು ದಿನದ ಮೇಲೆ, ದೇವಾಲಯದಲ್ಲಿ ಬೋಧಕರ ನಡುವೆ. ಆಕೆಯೂ ಗದರಿದಳು. ಮಗನೇ, ಯಾಕೆ ಹೀಗೆ ಮಾಡಿದೆ, ನಿಮ್ಮಪ್ಪನೂ ನಾನೂ ಎಷ್ಟು ತಳಮಳಪಟ್ಟು ಹುಡುಕಿದೆವು ಅಂದಳು. ಅವನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಅಂತ ಲೂಕ ತನ್ನ ಸುವಾರ್ತೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಯೇಸುವಿನ ಅಮ್ಮನಿಗೇ ಮಗ ಅರ್ಥವಾಗದ ದಿನಗಳಿದ್ದವು ಮಾರಾಯ್ತಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಿನ್ನ ಹಾಗೆ ದೂರ ಹೋದದ್ದಲ್ಲ, ಜಾಸ್ತಿ ಹತ್ತಿರ ನಿಂತದ್ದು. ಮಗನಿಗೆ ಸೈನ್ಸ್ ಬೇಡವಾಗಿತ್ತು. ನಾನೇ ಕಾಲೇಜಿನ ಆಫೀಸ್ ಮುಂದೆ ಎರಡು ದಿನ ನಿಂತು, ಅವರಿವರಿಂದ ಹೇಳಿಸಿ ಸೀಟು ಮಾಡಿಸಿದೆ. ಜೆಬೆದಾಯನ ಹೆಂಡತಿ ಮಾಡಿದ್ದೂ ಅದನ್ನೇ. ಯೇಸುವಿನ ಶಿಷ್ಯರಾಗಿದ್ದ ತನ್ನ ಮಕ್ಕಳು ಯಾಕೋಬ, ಯೋಹಾನ ಇಬ್ಬರನ್ನೂ ಕರಕೊಂಡು ಬಂದು, ನಿನ್ನ ರಾಜ್ಯದಲ್ಲಿ ಒಬ್ಬನನ್ನು ಬಲಗಡೆ, ಒಬ್ಬನನ್ನು ಎಡಗಡೆ ಕೂರಿಸು ಅಂತ ಯೇಸುವಿಗೆ ಅಡ್ಡಬಿದ್ದಳು. ಸೀಟು ಕೇಳಿದಳು! ನೀವು ಕೇಳುವುದು ಏನೆಂದು ನಿಮಗೇ ಗೊತ್ತಿಲ್ಲ ಅಂದ ಯೇಸು. ಮತ್ತಾಯ 20ರಲ್ಲಿದೆ. 27ನೇ ಅಧ್ಯಾಯಕ್ಕೆ ಬಾ. ಯೇಸುವಿನ ಶಿಲುಬೆಯ ಬಲಕ್ಕೊಬ್ಬ ಕಳ್ಳ, ಎಡಕ್ಕೊಬ್ಬ ಕಳ್ಳ. ದೂರದಿಂದ ನೋಡುತ್ತಾ ನಿಂತ ಹೆಂಗಸರಲ್ಲಿ ಜೆಬೆದಾಯನ ಮಕ್ಕಳ ತಾಯಿಯೂ ಇದ್ದಾಳೆ. ಆ ಬಲ, ಎಡ ನೋಡಿ ಅವಳ ಹೊಟ್ಟೆಯಲ್ಲಿ ಏನಾಯಿತೋ! ಆದರೂ ಹೋಗಿ ಅಲ್ಲಿ ನಿಂತಿದ್ದಳು, ಅದು ದೊಡ್ಡದು.

ಮಗ ಈಗ ಹಾಸ್ಟೆಲಿನಲ್ಲಿದ್ದಾನೆ. ಮಾತು ಕಡಿಮೆ. ಅದಕ್ಕೇ ಇತ್ತೀಚೆಗೆ ನನಗೆ ಪ್ರವಾದಿ ಸಮುವೇಲನ ತಾಯಿ ಹನ್ನಳು ಹತ್ತಿರ. ಎಲ್ಲರೂ ಅವಳ ಕಣ್ಣೀರಿನ ಪ್ರಾರ್ಥನೆಯ ಬಗ್ಗೆ ಪ್ರಸಂಗ ಮಾಡುತ್ತಾರೆ. ಮಕ್ಕಳಿಲ್ಲ ಅಂತ ಅವಳು ಅಳುವಾಗ, ಹತ್ತು ಮಕ್ಕಳಿಗಿಂತ ನಾನು ಹೆಚ್ಚಲ್ಲವೇ ಅಂತ ಗಂಡ ಎಲ್ಕಾನ ಕೇಳಿದ್ದೂ ಅಲ್ಲೇ, 1 ಸಮುವೇಲ 1ರಲ್ಲಿ ಇದೆ. ಗಂಡಸರ ಸಮಾಧಾನ! ನನಗೆ ಹಿಡಿಸಿದ್ದು ಮುಂದಿನ ಅಧ್ಯಾಯದ ಒಂದೇ ಒಂದು ಸಾಲು. ಹಾಲು ಬಿಡಿಸಿ, ಹರಕೆಯಂತೆ ಶೀಲೋವಿನ ದೇವಾಲಯದಲ್ಲಿ ಬಿಟ್ಟುಬಂದ ಸಮುವೇಲನಿಗೆ ಅವಳು ಪ್ರತಿ ವರ್ಷ ಒಂದು ಚಿಕ್ಕ ನಿಲುವಂಗಿ ಹೊಲಿದು ತರುತ್ತಿದ್ದಳಂತೆ.

ಮಗು ಮನೆಯಲ್ಲಿಲ್ಲ. ಅಳತೆ ಹೇಗೆ ತೆಗೆದಳು? ಹೋದ ವರ್ಷ ತಬ್ಬಿಕೊಂಡಾಗ ತಲೆ ಎಲ್ಲಿಗೆ ಬಂದಿತ್ತು ಅನ್ನುವ ಅಂದಾಜಿನ ಮೇಲೆ ಇರಬೇಕು. ಪಕ್ಕದ ಮನೆ ಹುಡುಗನ ಭುಜ ನೋಡಿರಬೇಕು. ನಮ್ಮಮ್ಮ ಹಾಸ್ಟೆಲಿಗೆ ಕಳಿಸುತ್ತಿದ್ದ ಲಂಗಗಳಿಗೆಲ್ಲ ಕೆಳಗೆ ನಾಲ್ಕು ಬೆರಳು ಒಳಮಡಿಕೆ ಇರುತ್ತಿತ್ತು, ನೆನಪಿದೆಯಾ? "ಬೆಳೆಯೋ ಹುಡುಗಿ, ಬಿಚ್ಚಿಕೊಂಡರಾಯಿತು" ಅನ್ನೋರು. ಬಿಚ್ಚಿದ ಮೇಲೂ ಹಳೆ ಮಡಿಕೆಯ ಗೆರೆ ಬಟ್ಟೆ ಮೇಲೆ ಹಾಗೇ ಉಳಿಯುತ್ತಿತ್ತು. ನೀನು ಅದನ್ನು ನೋಡಿ ನಗುತ್ತಿದ್ದೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಪಾಪುವನ್ನು ನನ್ನ ಕೈಗೆ ಕೊಟ್ಟು ನೀನು ಮಲಗು. ಅತ್ತರೆ ಅಳಲಿ, ನಾನಿರುತ್ತೇನೆ. ಅಡುಗೆ ಏನೂ ಮಾಡಬೇಡ, ಚಟ್ನಿಪುಡಿ, ಚಪಾತಿ ತರುತ್ತೇನೆ. ಸ್ವೆಟರ್ ಶುರು ಮಾಡಿದ್ದೇನೆ, ಹಳದಿ ಉಲ್ಲನ್. ತೋಳಿನ ಅಳತೆ ಕೇಳೋಣ ಅಂತಿದ್ದೆ. ಬೇಡ ಬಿಡು, ಅಂದಾಜಿನ ಮೇಲೆ ಸ್ವಲ್ಪ ದೊಡ್ಡದಾಗಿಯೇ ಹೆಣೆಯುತ್ತೇನೆ.

ಇಂತಿ,
ನಿನ್ನ ಹಾಸ್ಟೆಲ್ ರೂಮಿನವಳು